ಕುಸಿಯುವ ದರೆಯ ಕಾವಲು

ಚಾರ್ಮತ್ ಕಡಲತೀರದಲ್ಲಿ ನೀರು ಇಳಿಯತೊಡಗಿ ಎರಡು ತಾಸಾಗಿತ್ತು. ಮಳಲಿಗಿಂತ ಜಲ್ಲಿಯೇ ಹೆಚ್ಚಿರುವ ದಂಡೆ ಅದು. ನಡುನಡುವೆ ಕಪ್ಪು ಜೇಡಿ ಬೂಟಿಗೆ ಮೆತ್ತಿಕೊಂಡು ಕಾಲು ಭಾರವಾಗುತ್ತಿತ್ತು. ಫೆಬ್ರವರಿ ಕೊನೆಯ ಚಳಿಗಾಳಿ ಕಿವಿಯೊಳಗೆ ನುಗ್ಗುತ್ತಿತ್ತು. ಸೌತಾಂಪ್ಟನ್ನಿನಲ್ಲಿರುವ ತಂಗಿಯ ಮಗಳು, ಒಂಬತ್ತು ವರ್ಷದವಳು, ಮೊಣಕಾಲೂರಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಜಲ್ಲಿಯನ್ನು ಬೆರಳಲ್ಲಿ ಸರಿಸಿ ಸರಿಸಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು: ‘ದೊಡ್ಡಮ್ಮ, ಇಲ್ಲಿ ಬಾ, ಬೇಗ ಬಾ!’

ಅವಳ ಅಂಗೈ ಮೇಲೆ ಉಗುರಿನಷ್ಟೇ ದೊಡ್ಡ ಸುರುಳಿಯೊಂದಿತ್ತು. ಹೊಳೆಯುವ ಹಿತ್ತಾಳೆ ಬಣ್ಣ. ಹೊರಗಿನ ಸುತ್ತಿನಿಂದ ಒಳಗಿನ ಸುತ್ತಿಗೆ ಹೋದಂತೆ ಗೆರೆಗಳು ಒತ್ತೊತ್ತಾಗಿ, ನಡುವಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆಯಲ್ಲಿ ಮುಗಿಯುತ್ತಿದ್ದವು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: ‘ಅಜ್ಜಿಮನೆಯ ದೇವರ ಪೆಟ್ಟಿಗೆಯಲ್ಲಿ ಇದೆಯಲ್ಲ, ಅದರ ಮರಿಯಾ ಇದು?’

ನನಗೆ ಆ ಕ್ಷಣ ಮಾತು ಹೊರಡಲಿಲ್ಲ. ಮಗು ಕೇಳಿದ್ದು ಸಾಲಿಗ್ರಾಮದ ವಿಷಯ. ಉಡುಪಿ, ಕುಂದಾಪುರ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಅಮ್ಮನ ಮನೆಯ ದೇವರ ಪೆಟ್ಟಿಗೆಯಲ್ಲೂ ಕಪ್ಪು ಸಾಲಿಗ್ರಾಮಗಳಿವೆ. ಅದರಲ್ಲೊಂದು ಒಡೆದು ಬಾಯಿ ಬಿಟ್ಟಿದೆ. ಒಳಗೆ ಚಕ್ರ ಕಾಣುತ್ತದೆ. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಉರುಳಿ ಬರುವ ಆ ಕಲ್ಲುಗಳ ಒಳಗಿನ ಚಕ್ರ ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಎಂಬ ಕಡಲಿತ್ತು. ಅದರ ತಳದ ಕೆಸರಿನಲ್ಲಿ ಹೂತ ಚಿಪ್ಪುಗಳೇ ಇಂದು ನಾವು ತುಳಸಿ ಏರಿಸುವ ಕಲ್ಲುಗಳು. ಮಗುವಿನ ಕೈಯಲ್ಲಿದ್ದದ್ದೂ ಅಮ್ಮೊನೈಟೇ. ಹೋಲಿಕೆ ಸರಿಯಾಗಿತ್ತು, ವರಸೆ ಮಾತ್ರ ತಿರುಗುಮುರುಗು. ಗಂಡಕಿಯ ಸಾಲಿಗ್ರಾಮಗಳು ಜುರಾಸಿಕ್ ಯುಗದ ಕೊನೆಯ ಭಾಗದವು. ಚಾರ್ಮತ್ತಿನ ಈ ಉಗುರಗಲದ ಸುರುಳಿ ಆ ಯುಗದ ಆರಂಭದ್ದು, ಸುಮಾರು 19 ಕೋಟಿ ವರ್ಷ ಹಿಂದಿನದು. ಮರಿಯಲ್ಲ, ಇದೇ ಹಿರಿಯದು.

ಇಂಗ್ಲೆಂಡಿನ ದಕ್ಷಿಣ ಅಂಚಿನ ಈ ತೀರಕ್ಕೆ ಜುರಾಸಿಕ್ ಕರಾವಳಿ ಎಂದು ಹೆಸರು. ಪಶ್ಚಿಮದಲ್ಲಿ ಡೆವನ್ ಜಿಲ್ಲೆಯ ಎಕ್ಸ್‌ಮತ್ ಬಳಿಯ ಓರ್ಕಮ್ ಪಾಯಿಂಟಿನಿಂದ ಪೂರ್ವದಲ್ಲಿ ಡಾರ್ಸೆಟ್ ಜಿಲ್ಲೆಯ ಓಲ್ಡ್ ಹ್ಯಾರಿ ಬಂಡೆಗಳ ತನಕ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಿಸರ್ಗದ ಕಾರಣಕ್ಕೆ ಆ ಪಟ್ಟಿ ಸೇರಿದ ಇಂಗ್ಲೆಂಡಿನ ಮೊದಲ ಜಾಗ ಇದು. ಹೆಸರು ಜುರಾಸಿಕ್ ಎಂದಿದ್ದರೂ ಇಲ್ಲಿರುವುದು ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್ ಎಂಬ ಮೂರು ಯುಗಗಳು, ಒಟ್ಟು 18.5 ಕೋಟಿ ವರ್ಷಗಳ ಕಲ್ಲು.

ರೈಲಿನಲ್ಲಿ ಬರುವಾಗ ಒಂದು ಲೆಕ್ಕ ಹಾಕಿದ್ದೆ. 18.5 ಕೋಟಿ ವರ್ಷವನ್ನು 153 ಕಿಲೋಮೀಟರಿಗೆ ಹಂಚಿದರೆ ಮೀಟರಿಗೆ ಸುಮಾರು 1,200 ವರ್ಷ. ನನ್ನ ಒಂದು ಹೆಜ್ಜೆಗೆ 900 ವರ್ಷ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಈ ತೀರದಲ್ಲಿ ಒಂದು ಹೆಜ್ಜೆ ಹಿಂದಿಟ್ಟರೆ ವಿಷ್ಣುವರ್ಧನನ ಕಾಲ. ಎರಡನೆಯ ಹೆಜ್ಜೆಗೆ ಕನ್ನಡದ ಮೊದಲ ಶಾಸನಗಳೂ ಇನ್ನೂ ಹುಟ್ಟಿಲ್ಲ. ಇದು ಬರೀ ಸರಾಸರಿ, ನಿಜ. ಕಲ್ಲು ಹೀಗೆ ಗಜಕಡ್ಡಿ ಹಿಡಿದು ಹಂಚಿಕೊಂಡಿಲ್ಲ. ಕೆಲವೆಡೆ ಕೋಟ್ಯಂತರ ವರ್ಷಗಳ ಪದರವೇ ಇಲ್ಲ, ಕೆಲವೆಡೆ ಮಡಿಕೆಯಾಗಿ ಮತ್ತೆ ಮತ್ತೆ ಬರುತ್ತದೆ. ಆದರೂ ಕೋಟಿ ಎಂಬ ಮಾತು ಕಾಲಿಗೆ ತಾಗುವಂತೆ ಅರ್ಥವಾದದ್ದು ನನಗೆ ಈ ಲೆಕ್ಕದಿಂದಲೇ.

ಕಾಲ ಹೀಗೆ ಉದ್ದಕ್ಕೆ ಹರಡಿಕೊಳ್ಳಲು ಕಾರಣ ಪದರಗಳ ವಾಲು. ಒಂದರ ಮೇಲೊಂದು ಮಟ್ಟಸವಾಗಿ ಕೂತಿದ್ದ ಪದರಗಳನ್ನು ಭೂಮಿಯ ಒಳಗಿನ ಒತ್ತಡ ಪೂರ್ವಕ್ಕೆ ವಾಲಿಸಿತು. ಪೇರಿಸಿಟ್ಟ ಹಪ್ಪಳದ ರಾಶಿ ಒಂದು ಬದಿಗೆ ಜಾರಿ ಸಾಲಾಗಿ ಬಿಚ್ಚಿಕೊಂಡರೆ ಪ್ರತಿ ಹಪ್ಪಳದ ಅಂಚೂ ಕಾಣುವುದಿಲ್ಲವೆ, ಹಾಗೆ. ಹಳೆಯವು ಪಶ್ಚಿಮದಲ್ಲಿ, ಹೊಸವು ಪೂರ್ವದಲ್ಲಿ. ಈ ವಾಲಿದ ಪದರಗಳನ್ನು ಮಳೆಗಾಳಿ ಸವೆಸಿದ ಮೇಲೆ ಕ್ರಿಟೇಷಿಯಸ್ ಕಡಲು ಬಂದು ಅವುಗಳ ಮೇಲೆ ಹೊಸದೊಂದು ಹೊದಿಕೆ ಹಾಕಿತು. ಹಾಗಾಗಿ ಪಶ್ಚಿಮದ ಹಳೆಯ ದರೆಗಳ ನೆತ್ತಿಯ ಮೇಲೂ ಅಲ್ಲಲ್ಲಿ ಹೊಸ ಕಲ್ಲಿನ ಟೋಪಿ ಕಾಣುತ್ತದೆ.

ಪಶ್ಚಿಮದ ತುದಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಓರ್ಕಮ್ ಪಾಯಿಂಟಿನಲ್ಲಿ ಈ ತೀರದ ಬೇರೆ ಬೇರೆ ಕಲ್ಲುಗಳನ್ನೇ ಕೂಡಿಸಿ ಮಾಡಿದ ಸೂಜಿಯಂಥ ಸ್ಮಾರಕವೊಂದಿದೆ. ಕೆಳಗಿನ ದರೆ ಪೂರ್ತಿ ಕೆಂಪು. ಕಂಡ ಕೂಡಲೇ ನಮ್ಮ ಮುರಕಲ್ಲು ನೆನಪಾಯಿತು. ಹುಟ್ಟಿದ ಬಗೆ ಬೇರೆ, ಕೆಂಪಿಗೆ ಕಾರಣ ಮಾತ್ರ ಒಂದೇ: ಕಬ್ಬಿಣ. ಟ್ರಯಾಸಿಕ್ ಕಾಲದಲ್ಲಿ ಈ ಜಾಗ ಮರುಭೂಮಿಯಾಗಿತ್ತು. ಇಂದು ಮಂಜು, ಮಳೆ, ಹಸಿರಿಗೆ ಹೆಸರಾದ ಊರು ಅಂದು ಕಾದ ಕಾವಲಿ. ಸ್ವಲ್ಪ ಪೂರ್ವಕ್ಕೆ ಬಡ್ಲಿ ಸಾಲ್ಟರ್ಟನ್ ತೀರದ ತುಂಬ ಮೊಟ್ಟೆಯಾಕಾರದ ನುಣ್ಣನೆ ಕಲ್ಲುಗಳು. ಆ ಮರುಭೂಮಿಯಲ್ಲಿ ಹರಿದ ನದಿಯೊಂದು ಇಂದಿನ ಫ್ರಾನ್ಸಿನ ಬ್ರಿಟನಿ ಕಡೆಯಿಂದ ಹೊತ್ತು ತಂದವು. ಅಲ್ಲಿಂದ ಒಂದು ಕಲ್ಲನ್ನೂ ಒಯ್ಯುವಂತಿಲ್ಲ ಎಂದು ಫಲಕ ಹಾಕಿದ್ದಾರೆ. ಈ ಮಾತನ್ನು ನೆನಪಿಡಿ, ಯಾಕೆಂದರೆ ಮುಂದೆ ಇದಕ್ಕೆ ವಿರುದ್ಧವಾದ ನಿಯಮವೂ ಇದೇ ತೀರದಲ್ಲಿ ಸಿಗುತ್ತದೆ.

ಲೈಮ್ ರೀಜಿಸ್ ಒಂದು ಸಣ್ಣ ಊರು. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಆಕ್ಸ್‌ಮಿನ್‌ಸ್ಟರಿಗೆ ರೈಲು, ಅಲ್ಲಿಂದ ಬಸ್ಸು. ಗುಡ್ಡದ ಇಳಿಜಾರಿನಲ್ಲಿ ಮನೆಗಳು ಒಂದರ ಬೆನ್ನಿಗೊಂದು ಒರಗಿಕೊಂಡು ಕಡಲಿನ ತನಕ ಇಳಿದಿವೆ. ಬೀದಿದೀಪದ ಕಂಬಗಳಿಗೂ ಅಮ್ಮೊನೈಟಿನ ಸುರುಳಿ. ಬಂದರಿಗೆ ರಕ್ಷಣೆಯಾಗಿ ಬಾಗಿದ ತೋಳಿನಂತೆ ಕಡಲಿಗೆ ಚಾಚಿರುವ ಕಲ್ಲಿನ ಕಟ್ಟೆಗೆ ಕಾಬ್ ಎನ್ನುತ್ತಾರೆ. ಜೇನ್ ಆಸ್ಟೆನ್‌ಳ ‘ಪರ್ಸುಯೇಷನ್’ ಕಾದಂಬರಿ ಓದಿದವರಿಗೆ ಇದರ ಮೆಟ್ಟಿಲು ಗೊತ್ತಿರುತ್ತದೆ.

ಬೆಳಿಗ್ಗೆ ನೀರು ಇಳಿದಿದ್ದಾಗ ಕಾಬ್‌ನ ಪಶ್ಚಿಮಕ್ಕಿರುವ ಮಾನ್ಮತ್ ತೀರಕ್ಕೆ ಹೋದೆವು. ಅಲ್ಲಿ ದರೆಯನ್ನು ದೂರದಿಂದ ನೋಡಿದರೆ ಪಟ್ಟಿಪಟ್ಟಿ ಸೀರೆ ಒಣಹಾಕಿದಂತೆ ಕಾಣುತ್ತದೆ: ಒಂದು ಪದರ ನಸುನೀಲಿ ಸುಣ್ಣಕಲ್ಲು, ಒಂದು ಪದರ ಕಪ್ಪು ಜೇಡಿ, ಮತ್ತೆ ಸುಣ್ಣಕಲ್ಲು, ಮತ್ತೆ ಜೇಡಿ. ಇದಕ್ಕೆ ಬ್ಲೂ ಲಯಾಸ್ ಎಂದು ಹೆಸರು. ಸೂರ್ಯನ ಸುತ್ತ ಭೂಮಿ ಸುತ್ತುವ ಬಗೆಯಲ್ಲಿ ಸಾವಿರಾರು ವರ್ಷಗಳಿಗೊಮ್ಮೆ ಆಗುವ ಏರುಪೇರಿನಿಂದ ಹವಾಮಾನ ಬದಲಾಗುತ್ತ ಬಂತು, ಅದಕ್ಕೆ ತಕ್ಕಂತೆ ಕಡಲತಳಕ್ಕೆ ಇಳಿದ ಕೆಸರೂ ಬದಲಾಯಿತು ಎಂದು ಭೂವಿಜ್ಞಾನಿಗಳು ಈ ಪಟ್ಟಿಗಳನ್ನು ವಿವರಿಸುತ್ತಾರೆ.

ಕಟ್ಟೆಯಿಂದ ಸ್ವಲ್ಪ ದೂರ ಪಾಚಿಗಲ್ಲುಗಳನ್ನು ದಾಟಿ ನಡೆದರೆ ಕಾಲಡಿಯ ಬಂಡೆ ಅಗಲವಾದ ಚಪ್ಪಡಿಯಾಗುತ್ತದೆ. ಆ ಚಪ್ಪಡಿಯಲ್ಲಿ ಗಾಡಿಚಕ್ರಗಳನ್ನು ಮಲಗಿಸಿಟ್ಟಂತೆ ಅಮ್ಮೊನೈಟುಗಳು. ನಾನು ನನ್ನ ಛತ್ರಿಯನ್ನು ಒಂದರ ಮೇಲೆ ಅಡ್ಡ ಇಟ್ಟು ನೋಡಿದೆ, ಮುಕ್ಕಾಲು ಭಾಗಕ್ಕೆ ಬಂತು. ಕೆಲವು ಅರ್ಧ ಸವೆದು ಬರೀ ಸುರುಳಿಯ ಗೆರೆ ಉಳಿದಿವೆ. ಕೆಲವುಗಳ ಒಳಸುತ್ತಿನಲ್ಲಿ ಉಪ್ಪುನೀರು ನಿಂತು ಸಣ್ಣ ಸಿಗಡಿಗಳು ಓಡಾಡುತ್ತಿದ್ದವು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಎಣಿಸುತ್ತ ಹೋಗಿ ನಲವತ್ತಕ್ಕೆ ನಿಲ್ಲಿಸಿದೆ. 20 ಕೋಟಿ ವರ್ಷದ ಹಿಂದೆ ಇಷ್ಟೊಂದು ಚಿಪ್ಪುಗಳು ಒಂದೇ ಕಡೆ ಬಂದು ಬಿದ್ದ ಜಾಗದಲ್ಲಿ ನಿಂತಾಗ ಸುಮ್ಮನಿರಬೇಕೆನಿಸುತ್ತದೆ. ಇಲ್ಲಿ ಸುತ್ತಿಗೆ ಎತ್ತುವಂತಿಲ್ಲ. ಅಲೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ದಿನಕ್ಕೆ ಎರಡು ಸಲ ಬಂದು ಉಜ್ಜಿ ಹೋಗುತ್ತದೆ. ಹಿಂದೆ ಇದೇ ಸುಣ್ಣಕಲ್ಲಿನ ಚಪ್ಪಡಿಗಳನ್ನು ಸಿಮೆಂಟಿಗಾಗಿ ಎಬ್ಬಿಸಿ ಒಯ್ದಿದ್ದರಂತೆ. ಹಾಗೆ ಒಯ್ದದ್ದರಿಂದ ದರೆಯ ಬುಡಕ್ಕಿದ್ದ ಆಸರೆ ಹೋಗಿ ಕೊರೆತ ಹೆಚ್ಚಿತು.

ಅಲ್ಲಿಂದ ಊರಿನ ಪೂರ್ವದ ಬದಿಗೆ ಬಂದರೆ ಕಂಚಿನ ಹೆಂಗಸೊಬ್ಬಳು ದಾಪುಗಾಲು ಹಾಕುತ್ತಿದ್ದಾಳೆ. ಕೈಯಲ್ಲಿ ಸುತ್ತಿಗೆ, ಬುಟ್ಟಿ, ಪಕ್ಕದಲ್ಲಿ ನಾಯಿ. ಮೇರಿ ಆನಿಂಗ್. ಈ ತೀರದ ಬಗ್ಗೆ ಬರೆಯುವವರು ಇವಳ ಬಗ್ಗೆ ನಾಲ್ಕು ಸಾಲು ಬರೆದು ಮುಂದೆ ಹೋಗುವುದುಂಟು. ನನಗೆ ಹಾಗೆ ಹೋಗಲು ಮನಸ್ಸಿಲ್ಲ.

ಹುಟ್ಟಿದ್ದು 1799ರ ಮೇ 21ರಂದು, ಇದೇ ಊರಿನಲ್ಲಿ, ಬಡ ಮರಗೆಲಸದವನ ಮಗಳಾಗಿ. ಕೂಸಾಗಿದ್ದಾಗ ಎತ್ತಿಕೊಂಡಿದ್ದ ಹೆಂಗಸಿಗೂ ಜೊತೆಯಲ್ಲಿದ್ದ ಇನ್ನಿಬ್ಬರಿಗೂ ಸಿಡಿಲು ಬಡಿದು ಮೂವರೂ ಸತ್ತರು, ಕೂಸು ಬದುಕಿತು. ತಂದೆ ಬಿಡುವಿನಲ್ಲಿ ದರೆಯ ಬುಡದಲ್ಲಿ ಸಿಗುವ ವಿಚಿತ್ರ ಕಲ್ಲುಗಳನ್ನು ಹೆಕ್ಕಿ, ತೊಳೆದು, ಊರಿಗೆ ಬರುವ ಪ್ರವಾಸಿಗರಿಗೆ ಮಾರುತ್ತಿದ್ದ. 1810ರಲ್ಲಿ ಅವನು ಸಾಲ ಬಿಟ್ಟು ಸತ್ತ. ಅಲ್ಲಿಂದ ಕಲ್ಲು ಹೆಕ್ಕುವುದು ಹೊಟ್ಟೆಪಾಡಾಯಿತು. ಮರುವರ್ಷ ಅಣ್ಣ ಜೋಸೆಫನಿಗೆ ದೊಡ್ಡದೊಂದು ತಲೆಬುರುಡೆ ಕಂಡಿತು. 1812ರಲ್ಲಿ ಉಳಿದ ಮೈಯನ್ನು ಹುಡುಕಿ ತೆಗೆದವಳು ಮೇರಿ, ಆಗ ಅವಳಿಗೆ ಹದಿಮೂರು. ಅದು ಇಕ್ತಿಯೋಸಾರ್, ಮೀನಿನ ಮೈಯ ಕಡಲ ಸರೀಸೃಪ. ಊರ ಜಮೀನುದಾರ 23 ಪೌಂಡಿಗೆ ಕೊಂಡ. ಜೀವಜಾತಿಯೊಂದು ಪೂರ್ತಿ ಅಳಿದುಹೋಗಬಲ್ಲದು ಎಂಬ ಮಾತನ್ನೇ ಬಹಳ ಜನ ಒಪ್ಪದಿದ್ದ ಕಾಲ ಅದು. ದೇವರು ಸೃಷ್ಟಿಸಿದ್ದು ಅಳಿಯುವುದು ಹೇಗೆ ಎಂಬ ಪ್ರಶ್ನೆಗೆ ಈ ಎಲುಬುಗಳು ಎದುರು ನಿಂತವು.

1823ರಲ್ಲಿ ಅವಳಿಗೆ ಸಿಕ್ಕಿದ್ದು ಪೂರ್ಣ ಪ್ಲೀಸಿಯೋಸಾರ್. ಕತ್ತು ಎಷ್ಟು ಉದ್ದವೆಂದರೆ ಪ್ಯಾರಿಸಿನ ಮಹಾ ಪಂಡಿತ ಕುವಿಯೇ ಅದನ್ನು ನಂಬಲು ಹಿಂಜರಿದ, ಆಮೇಲೆ ಒಪ್ಪಿದ. 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅದರ ಬಗ್ಗೆ ಪ್ರಬಂಧ ಮಂಡನೆಯಾಯಿತು. ಪ್ರಬಂಧದಲ್ಲಿ ಮೇರಿಯ ಹೆಸರಿರಲಿಲ್ಲ. ಆ ಸಂಘ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. 1828ರಲ್ಲಿ ಹಾರುವ ಸರೀಸೃಪವೊಂದನ್ನು ಹುಡುಕಿದಳು. ಇಕ್ತಿಯೋಸಾರಿನ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಗಂಟುಗಲ್ಲುಗಳನ್ನು ಒಡೆದು, ಒಳಗೆ ಮೀನಿನ ಎಲುಬು, ಪೊರೆ ಇರುವುದನ್ನು ಗಮನಿಸಿದವಳು ಅವಳು. ಅದು ಕಲ್ಲಾದ ಮಲ ಎಂದು ತಿಳಿದದ್ದು ಹಾಗೆ. ಬೆಲೆಮ್ನೈಟ್ ಎಂಬ, ಬೊಂಡಾಸಿನ ದೂರದ ನಂಟಿನ ಜೀವಿಯ ಕಲ್ಲಾದ ದೇಹದಲ್ಲಿ ಮಸಿಚೀಲವೂ ಉಳಿದಿರುವುದನ್ನು ಕಂಡಳು. ಗೆಳತಿ ಎಲಿಜಬೆತ್ ಫಿಲ್ಪಾಟ್ ಆ ಮಸಿಯನ್ನೇ ನೀರಲ್ಲಿ ತೇಯ್ದು ಆ ಪ್ರಾಣಿಗಳದ್ದೇ ಚಿತ್ರ ಬರೆದಳು. ಸತ್ತು ಕೋಟಿಗಟ್ಟಲೆ ವರ್ಷವಾದ ಜೀವಿಯ ಮಸಿ ಕಾಗದದ ಮೇಲೆ ಹರಿಯಿತು!

1833ರಲ್ಲಿ ದರೆ ಕುಸಿದು ಅವಳ ನಾಯಿ ಟ್ರೇ ಸತ್ತುಹೋಯಿತು. ಕೆಲವೇ ಹೆಜ್ಜೆ ಈಚೆಗಿದ್ದ ಮೇರಿ ಬದುಕಿದಳು. 1847ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 47. ಸಂತ ಮೈಕೆಲ್ ಚರ್ಚಿನ ಅಂಗಳದಲ್ಲಿ ಅವಳ ಸಮಾಧಿಯಿದೆ. ಅದರ ಮೇಲೆ ಹೂವಿಗಿಂತ ಹೆಚ್ಚಾಗಿ ಚಿಪ್ಪು, ಅಮ್ಮೊನೈಟ್ ಚೂರುಗಳನ್ನು ಜನ ಇಟ್ಟುಹೋಗುತ್ತಾರೆ. ಅವಳ ಮನೆ ಇದ್ದ ಜಾಗದಲ್ಲಿ ಇಂದು ಊರಿನ ವಸ್ತುಸಂಗ್ರಹಾಲಯ. ಪ್ರತಿಮೆ ನಿಂತದ್ದು ಮಾತ್ರ 2022ರ ಮೇ 21ಕ್ಕೆ, ಸತ್ತು 175 ವರ್ಷಕ್ಕೆ. ಅದೂ ಶಾಲೆಗೆ ಹೋಗುವ ಹುಡುಗಿಯೊಬ್ಬಳು, ಇವಳಿಗೆ ಯಾಕೆ ಪ್ರತಿಮೆ ಇಲ್ಲ ಎಂದು ಕೇಳಿ ಹಟ ಹಿಡಿದದ್ದರಿಂದ. ನಮ್ಮ ಹುಡುಗಿ ಕಂಚಿನ ನಾಯಿಯ ತಲೆ ಸವರಿದಳು. ಸವರುವವರ ಕೈತಾಗಿ ಆ ತಲೆ ಆಗಲೇ ಹೊಳಪಾಗಿದೆ.

ಲೈಮ್‌ನಿಂದ ಚಾರ್ಮತ್‌ಗೆ ಕಡಲತೀರದಲ್ಲೇ ನಡೆದರೆ ಎರಡು ಮೈಲಿ. ನೀರು ಇಳಿಯುತ್ತಿರುವಾಗ ಮಾತ್ರ ನಡೆಯಬೇಕು. ಏರತೊಡಗಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ದರೆ, ನಡುವೆ ಸಿಕ್ಕಿಕೊಳ್ಳುತ್ತೀರಿ. ಊರಿನ ಉದ್ದಕ್ಕೂ ಗಟ್ಟಿಮುಟ್ಟಾದ ಕಡಲಗೋಡೆಯಿದೆ, ಪೂರ್ವದ ಭಾಗ ಮುಗಿದದ್ದು 2014ರಲ್ಲಿ. ಗೋಡೆ ಮುಗಿದಲ್ಲಿಂದ ಮುಂದೆ ಒಂದು ಕಲ್ಲನ್ನೂ ಯಾರೂ ಅಡ್ಡ ಇಟ್ಟಿಲ್ಲ. ಬ್ಲ್ಯಾಕ್ ವೆನ್ ಎಂಬ ಕಪ್ಪು ದರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಜಾರಿಕೊಂಡು ಬಂದಿದೆ. ಮರಗಳು ಬೇರುಸಹಿತ ಅಡ್ಡ ಬಿದ್ದಿವೆ. ಕೆಸರಿನ ನಾಲಿಗೆಗಳು ಮಳಲಿನ ಮೇಲೆ ಚಾಚಿವೆ.

ಆಗುಂಬೆಯಲ್ಲೋ ಶಿರಾಡಿಯಲ್ಲೋ ಮಳೆಗಾಲದ ದರೆ ಕುಸಿತ ಕಂಡವರಿಗೆ ಇದರ ಬಗೆ ಬೇಗ ತಿಳಿಯುತ್ತದೆ. ನೆತ್ತಿಯ ಮೇಲಿನ ಮರಳುಗಲ್ಲಿನ ಪದರ ನೀರು ಕುಡಿಯುತ್ತದೆ. ಅದರ ಕೆಳಗಿನ ಜೇಡಿ ಕುಡಿಯುವುದಿಲ್ಲ. ಇಳಿದ ನೀರು ಜೇಡಿಯ ಬೆನ್ನ ಮೇಲೆ ನಿಂತು ಅದನ್ನು ಜಾರುಗಂಬ ಮಾಡುತ್ತದೆ. ಮೇಲಿನದ್ದು ಇಡಿಯಾಗಿ ಜಾರುತ್ತದೆ, ಬುಡವನ್ನು ಅಲೆ ತಿನ್ನುತ್ತದೆ. 2008ರ ಮೇ ತಿಂಗಳಲ್ಲಿ ಇಲ್ಲಿ ಸುಮಾರು 400 ಮೀಟರ್ ಉದ್ದಕ್ಕೆ ದರೆ ಜಾರಿತು. ಆಗ ಲೈಮ್‌ನ ಹಳೆಯ ಕಸದ ಗುಡ್ಡೆಯೂ ಬಾಯಿ ಬಿಟ್ಟಿತು. ಇಂದಿಗೂ ಅಲ್ಲಿ ಜುರಾಸಿಕ್ ಚಿಪ್ಪಿನ ಪಕ್ಕದಲ್ಲೇ ತುಕ್ಕುಹಿಡಿದ ಕಬ್ಬಿಣ, ಬಾಟಲಿಯ ಕುತ್ತಿಗೆ, ಪಿಂಗಾಣಿಯ ಚೂರು ಬಿದ್ದಿರುತ್ತವೆ. ನೋಡಲು ನೋವಾಗುವ ದೃಶ್ಯ ಅದು.

ಈಗ ನಿಯಮದ ಮಾತು. ಈ ತೀರದಲ್ಲಿ ಸಡಿಲವಾಗಿ ಬಿದ್ದಿರುವ ಪಳೆಯುಳಿಕೆಯನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ವಿಶ್ವ ಪರಂಪರೆಯ ತಾಣದಿಂದ ಕಲ್ಲು ಒಯ್ಯಬಹುದು ಎಂದರೆ ನಂಬುವುದು ಕಷ್ಟ, ನಾನೂ ಮೊದಲು ನಂಬಲಿಲ್ಲ. ಚಾರ್ಮತ್ ತೀರದಲ್ಲೇ ಇರುವ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿದೆ. ಅಲ್ಲಿದ್ದ ಹಿರಿಯ ಸ್ವಯಂಸೇವಕಿ ತಾಳ್ಮೆಯಿಂದ ವಿವರಿಸಿದರು. ದರೆಯಿಂದ ಕಳಚಿ ಬಿದ್ದ ಪಳೆಯುಳಿಕೆ ಮೂರು ನಾಲ್ಕು ಉಬ್ಬರ ಕಳೆಯುವಷ್ಟರಲ್ಲಿ ಜಲ್ಲಿಯೊಂದಿಗೆ ಉಜ್ಜಿ ಪುಡಿಯಾಗುತ್ತದೆ. ಮನುಷ್ಯ ಎತ್ತದಿದ್ದರೆ ಕಡಲು ಮುಗಿಸುತ್ತದೆ. ಎತ್ತಿಕೊಂಡದ್ದೇ ಉಳಿದದ್ದು. ದರೆಯನ್ನು ಅಗೆಯಲು ಮಾತ್ರ ಅಪ್ಪಣೆ ಬೇಕು. ವಿಜ್ಞಾನಕ್ಕೆ ಮುಖ್ಯವಾದದ್ದು ಸಿಕ್ಕರೆ ಕೇಂದ್ರದಲ್ಲಿ ದಾಖಲಿಸಬೇಕು. ಮಾರುವುದಾದರೆ ಮೊದಲು ವಸ್ತುಸಂಗ್ರಹಾಲಯಗಳಿಗೆ ತಿಳಿಸಬೇಕು. ಬಡ್ಲಿಯ ಕಲ್ಲುಗಳಿಗೆ ಒಂದು ನಿಯಮ, ಚಾರ್ಮತ್ತಿನ ಚಿಪ್ಪಿಗೆ ಇನ್ನೊಂದು. ಎರಡರ ಹಿಂದೆಯೂ ಇರುವುದು ಆಯಾ ಜಾಗದ ಸ್ವಭಾವವನ್ನು ನೋಡಿ ಮಾಡಿದ ಯೋಚನೆ.

ಇನ್ನೂ ದೊಡ್ಡ ಮಾತೆಂದರೆ, ಇಲ್ಲಿ ದರೆ ಕುಸಿಯುವುದನ್ನು ನಿಲ್ಲಿಸದಿರುವುದೇ ರಕ್ಷಣೆ. ಗೋಡೆ ಕಟ್ಟಿ ಕುಸಿತ ತಡೆದರೆ ದರೆಯ ಮೇಲೆ ಹುಲ್ಲು ಬೆಳೆದು ಪದರಗಳು ಮುಚ್ಚಿಹೋಗುತ್ತವೆ, ಹೊಸ ಪಳೆಯುಳಿಕೆ ಹೊರಬರುವುದು ನಿಲ್ಲುತ್ತದೆ. ಯಾವುದಕ್ಕಾಗಿ ಈ ತೀರಕ್ಕೆ ಗೌರವ ಸಿಕ್ಕಿತೋ ಅದೇ ಇಲ್ಲವಾಗುತ್ತದೆ. ಜನವಸತಿ ಇದ್ದಲ್ಲಿ ಗೋಡೆ, ಇಲ್ಲದಲ್ಲಿ ಕಡಲಿನ ಪಾಡಿಗೆ ಕಡಲು. ನಾನು ಉಳ್ಳಾಲದಲ್ಲಿ, ಮರವಂತೆಯಲ್ಲಿ ಪ್ರತಿ ಮಳೆಗಾಲ ಲಾರಿಗಟ್ಟಲೆ ಬಂಡೆ ಸುರಿಯುವುದನ್ನು ನೋಡುತ್ತ ಬೆಳೆದವಳು. ಕಡಲ್ಕೊರೆತಕ್ಕೆ ಅಂಗಳದ ತೆಂಗಿನಮರ ಉರುಳಿ, ಮುಂದಿನ ಸರದಿ ಮನೆಯದು ಎಂದು ರಾತ್ರಿಯಿಡೀ ಎದ್ದು ಕೂತವರನ್ನು ಬಲ್ಲೆ. ಅವರಿಗೆ ‘ಕುಸಿಯಲು ಬಿಡಿ’ ಎಂದು ಹೇಳುವ ಮಾತಲ್ಲ ಇದು. ಆದರೆ ಮನೆಮಠ ಇಲ್ಲದ ತೀರಕ್ಕೂ ಕಣ್ಣುಮುಚ್ಚಿ ಬಂಡೆ ಸುರಿಯುವ ಮೊದಲು ಆ ತೀರದ ಮೈ ಹೇಗಿದೆ ಎಂದು ಕೇಳುವ ಅಭ್ಯಾಸ ನಮ್ಮಲ್ಲೂ ಬರಬೇಕು.

ಮಧ್ಯಾಹ್ನ ಚಾರ್ಮತ್ತಿನಲ್ಲಿ ಹುಡುಕಿದ ಬಗೆಯನ್ನೂ ಹೇಳಬೇಕು. ಸುರುಳಿಯ ಚಿಪ್ಪು ಜಾಗ ಬಿಟ್ಟುಕೊಟ್ಟಲ್ಲಿ ಪೈರೈಟ್ ಎಂಬ ಗಂಧಕ ಬೆರೆತ ಕಬ್ಬಿಣದ ಖನಿಜ ಬಂದು ಕೂತು ಈ ಹಿತ್ತಾಳೆ ಬಣ್ಣ ಬಂದಿರುತ್ತದೆ. ಅದು ಮಾಮೂಲಿ ಕಲ್ಲಿಗಿಂತ ಭಾರ. ಹಾಗಾಗಿ ಅಲೆ ಅದನ್ನು ದೂರ ಒಯ್ಯಲಾರದೆ, ದಪ್ಪ ಕಲ್ಲುಗಳ ಸಂದಿಯಲ್ಲಿ, ಕಪ್ಪು ಭಾರದ ಜಲ್ಲಿ ನಿಂತ ಗುಂಡಿಗಳಲ್ಲಿ ಬಿಟ್ಟುಹೋಗುತ್ತದೆ. ಹುಡುಕಬೇಕಾದ್ದು ಅಲ್ಲಿ; ದರೆಯ ಬುಡದಲ್ಲಲ್ಲ. ಎಲ್ಲರೂ ದರೆಯತ್ತ ಓಡುತ್ತಾರೆ, ಅಪಾಯವಿರುವುದೂ ಅಲ್ಲೇ. ಒಂದೇ ಜಾಗದಲ್ಲಿ ಅರ್ಧ ತಾಸು ಕುಳಿತರೆ ಕಣ್ಣು ಪಳಗುತ್ತದೆ. ಮೊದಲು ಸಿಗುವುದು ಬೆಲೆಮ್ನೈಟುಗಳು, ಬಂದೂಕಿನ ಗುಂಡಿನ ಆಕಾರದ ಕಂದು ಕಡ್ಡಿಗಳು. ಹಿಂದಿನವರು ಇವನ್ನು ಸಿಡಿಲಿನ ಬಾಣ ಎಂದುಕೊಂಡಿದ್ದರು. ನಮಗೆ ಏಳು ಸಿಕ್ಕವು. ಆಮೇಲೆ ಸಮುದ್ರನೈದಿಲೆ ಎನ್ನಬಹುದಾದ ಕ್ರೈನಾಯ್ಡ್‌ನ ನಕ್ಷತ್ರಾಕಾರದ ದಂಟಿನ ಚೂರು, ಕೊತ್ತಂಬರಿ ಕಾಳಿಗಿಂತ ದೊಡ್ಡದಲ್ಲ. ಕೊನೆಗೆ ಆ ಅಮ್ಮೊನೈಟ್. ಇದೇ ಚಾರ್ಮತ್ತಿನ ದರೆಯಲ್ಲಿ 1858ರಲ್ಲಿ ಸ್ಕೆಲಿಡೊಸಾರಸ್ ಎಂಬ, ಬೆನ್ನ ಮೇಲೆ ಎಲುಬಿನ ಕವಚವಿದ್ದ ಡೈನೊಸಾರಿನ ಇಡೀ ಅಸ್ಥಿಪಂಜರ ಸಿಕ್ಕಿತ್ತು. ನೆಲದ ಮೇಲಿನ ಪ್ರಾಣಿ. ಸತ್ತು ಕಡಲಿಗೆ ತೇಲಿಬಂದು ಕೆಸರಲ್ಲಿ ಮುಳುಗಿತ್ತು.

ಮರುದಿನ ಪೂರ್ವಕ್ಕೆ ಹೊರಟೆವು. ದಾರಿಯಲ್ಲಿ ಗೋಲ್ಡನ್ ಕ್ಯಾಪ್, ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲೇ ಎತ್ತರದ ದರೆ, 191 ಮೀಟರ್. ಮೋಡ ಸರಿದಾಗ ನೆತ್ತಿಯ ಮರಳುಗಲ್ಲು ಹೆಸರಿಗೆ ತಕ್ಕಂತೆ ಚಿನ್ನದ ಬಣ್ಣಕ್ಕೆ ತಿರುಗಿತು. ಅಲ್ಲಿಂದ ಚೆಸಿಲ್ ದಂಡೆ. 29 ಕಿಲೋಮೀಟರ್ ಉದ್ದಕ್ಕೆ ಕಲ್ಲುಗುಂಡಿನ ದಿಬ್ಬ, ಒಂದಷ್ಟು ದೂರ ಕಡಲಿಗೂ ಹಿನ್ನೀರಿಗೂ ನಡುವೆ. ಅದರ ಪಶ್ಚಿಮದ ತುದಿಯಲ್ಲಿ ಕಲ್ಲು ಬಟಾಣಿ ಗಾತ್ರ, ಪೂರ್ವದಲ್ಲಿ ಪೋರ್ಟ್‌ಲ್ಯಾಂಡ್ ತಲುಪುವಾಗ ಮುಷ್ಟಿ ಗಾತ್ರ. ಅಲೆಯೇ ಸಾಣಿಗೆ ಹಿಡಿದು ವಿಂಗಡಿಸಿದೆ. ರಾತ್ರಿ ಮಂಜಿನಲ್ಲಿ ದೋಣಿ ದಡ ಸೇರಿದ ಮೀನುಗಾರರು ಒಂದು ಹಿಡಿ ಕಲ್ಲು ಎತ್ತಿ ತಾವು ಎಲ್ಲಿದ್ದೇವೆಂದು ಹೇಳುತ್ತಿದ್ದರಂತೆ. ಪೋರ್ಟ್‌ಲ್ಯಾಂಡ್‌ನ ಬಿಳಿ ಸುಣ್ಣಕಲ್ಲು ಲಂಡನ್ನಿನ ಸಂತ ಪಾಲ್ ಕೆಥೆಡ್ರಲ್ ಆಗಿ ನಿಂತಿದೆ.

ಲಲ್‌ವರ್ತ್ ಕೊಲ್ಲಿ, ಡರ್ಡಲ್ ಡೋರ್ ಎಂಬ ಕಲ್ಲಿನ ಕಮಾನು ಎಲ್ಲರ ಫೋಟೊದಲ್ಲೂ ಇರುವಂಥವು. ಚೆಂದವೇನೋ ಹೌದು. ಆದರೆ ನಾನು ಅಲ್ಲಿ ನೋಡಿದ್ದು ಕಮಾನಿಗಿಂತ ಹೆಚ್ಚಾಗಿ ಪಕ್ಕದ ದರೆಯ ಮಡಿಕೆಗಳನ್ನು. ಆಫ್ರಿಕಾ ಯುರೋಪಿಗೆ ಗುದ್ದಿ ಆಲ್ಪ್ಸ್ ಪರ್ವತ ಏಳುವಾಗ ಆ ಗುದ್ದಿನ ಕೊನೆಯ ಅದುರು ಇಲ್ಲಿ ತನಕ ಬಂದು ಗಟ್ಟಿ ಬಂಡೆಯನ್ನು ಒದ್ದೆಬಟ್ಟೆ ಹಿಂಡಿದಂತೆ ಮಡಚಿದೆ. ಕೊಲ್ಲಿಯ ಪೂರ್ವಕ್ಕೆ ಕಲ್ಲಾದ ಕಾಡೊಂದಿದೆ. ಜುರಾಸಿಕ್ ಯುಗ ಮುಗಿಯುವ ಹೊತ್ತಿನಲ್ಲಿ ನೀರು ನುಗ್ಗಿ ಮರಗಳು ಮುಳುಗಿದವು. ಬುಡದ ಸುತ್ತ ಪಾಚಿ ಬೆಳೆದು ಸುಣ್ಣ ಕಟ್ಟಿತು. ಮರ ಹೋಯಿತು, ಬುಡದ ಸುತ್ತಲಿನ ಕಲ್ಲಿನ ಉಂಗುರ ಉಳಿಯಿತು. ಆ ಜಾಗ ಸೇನೆಯ ಗುಂಡಿನ ಅಭ್ಯಾಸದ ವಲಯದಲ್ಲಿದೆ. ನಾವು ಹೋದ ದಿನ ಗೇಟು ಮುಚ್ಚಿತ್ತು.

ಕಿಮ್ಮರಿಜ್ ಹಳ್ಳಿಯಲ್ಲಿ ಒಂದು ಸಂಗ್ರಹಾಲಯವಿದೆ, 2016ರಲ್ಲಿ ತೆರೆದದ್ದು. ಪೂರ್ತಿ ಒಬ್ಬರ ಸಂಗ್ರಹ ಅದು. ಸ್ಟೀವ್ ಎಚಸ್ ವೃತ್ತಿಯಿಂದ ನಲ್ಲಿ ಪೈಪು ರಿಪೇರಿ ಮಾಡುವ ಪ್ಲಂಬರ್. ದಶಕಗಳ ಕಾಲ ಬಿಡುವು ಸಿಕ್ಕಾಗಲೆಲ್ಲ ಈ ದರೆಯ ಕೆಳಗೆ ಹುಡುಕಿ 2,000ಕ್ಕೂ ಹೆಚ್ಚು ಪಳೆಯುಳಿಕೆಗಳನ್ನು ಸೇರಿಸಿದರು. ಒಂದನ್ನೂ ಮಾರದೆ ಊರಿಗೇ ಉಳಿಸಿದರು. 2022ರಲ್ಲಿ ಈ ತೀರದ ಜಲ್ಲಿಯಲ್ಲಿ ಪ್ಲಿಯೋಸಾರ್ ಎಂಬ ಕಡಲ ಬೇಟೆಗಾರನ ಮೂತಿಯ ತುದಿ ಸಿಕ್ಕಿತು. ಉಳಿದ ತಲೆ ದರೆಯ ನಡುಮಧ್ಯದಲ್ಲಿ ಹೂತಿತ್ತು. ಮೇಲಿನಿಂದ ಹಗ್ಗದಲ್ಲಿ ಇಳಿದು, ಗಾಳಿಯಲ್ಲಿ ತೂಗಾಡುತ್ತ ಕೆತ್ತಿ ಹೊರತೆಗೆದರು. ಎರಡು ಮೀಟರ್ ಉದ್ದದ ತಲೆಬುರುಡೆ, 130 ಹಲ್ಲು, ವಯಸ್ಸು 15 ಕೋಟಿ ವರ್ಷ. ನಾನು ಗಾಜಿನ ಈಚೆ ನಿಂತು ನೋಡಿದೆ. ಹಲ್ಲಿನ ಮೇಲೆ ಉದ್ದುದ್ದ ಗೀರುಗಳಿವೆ, ಮಾಂಸಕ್ಕೆ ನೆಟ್ಟ ಹಲ್ಲು ಸಲೀಸಾಗಿ ಹೊರಬರಲೆಂದು. ಹೊರತೆಗೆಯಲು ಇನ್ನಷ್ಟು ವರ್ಷ ತಡಮಾಡಿದ್ದರೆ ದರೆ ಜಾರಿ ತಲೆಬುರುಡೆ ಚೂರಾಗುತ್ತಿತ್ತು.

ಓಲ್ಡ್ ಹ್ಯಾರಿ ತಲುಪಿದಾಗ ಸಂಜೆ. ಸೀಮೆಸುಣ್ಣದ ಬಿಳಿ ಕಂಬಗಳು ಕಡಲಲ್ಲಿ ನಿಂತಿದ್ದವು, ಕ್ರಿಟೇಷಿಯಸ್ ಯುಗದವು. ಸೇಂಟ್ ಮೇರೀಸ್ ದ್ವೀಪ ನೆನಪಾಯಿತು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಆ ಕಂಬಗಲ್ಲುಗಳೂ ಅದೇ ಯುಗದವು. ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಹೊತ್ತಿಗೆ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿದ ಲಾವಾ ತಣಿದು ಬಿರಿದು ಆದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಚಾರ್ಮತ್ತಿನ ನಿಯಮ ಸಲ್ಲದು, ಬಡ್ಲಿಯ ನಿಯಮವೇ ಸರಿ. ಆ ಕಂಬದಿಂದ ಮುರಿದ ಚೂರಿನ ಜಾಗಕ್ಕೆ ಇನ್ನೊಂದು ಉಕ್ಕಿ ಬರುವುದಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ಕೆತ್ತುವವರನ್ನು ಕಂಡರೆ ತಡೆಯಿರಿ.

ಮನೆಗೆ ಬಂದ ರಾತ್ರಿ ಮಗು ಅಜ್ಜಿಗೆ ಫೋನ್ ಮಾಡಿ ಅಮ್ಮೊನೈಟ್ ತೋರಿಸಿದಳು. ಅಮ್ಮ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, ‘ಚಕ್ರ ಎಷ್ಟು ಸ್ಪಷ್ಟ ಉಂಟು ಮಗಾ’ ಎಂದರು. ದೇವರ ಹತ್ತಿರ ಇಟ್ಟು ನೀರು ಹಾಕಬಹುದಾ ಎಂದು ಮಗು ಕೇಳಿತು. ಅದಾಗದು ಎಂದು ನಾನೇ ಹೇಳಬೇಕಾಯಿತು. ಸಾಲಿಗ್ರಾಮಕ್ಕೆ ನಿತ್ಯ ಅಭಿಷೇಕ. ಪೈರೈಟಿಗೆ ತೇವ ತಾಗಿದರೆ ಬಿಳಿ ಪುಡಿ ಏಳುತ್ತದೆ, ಕ್ರಮೇಣ ಬಿರಿದು ಉದುರುತ್ತದೆ. ಸಿಹಿನೀರಲ್ಲಿ ಉಪ್ಪು ತೊಳೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣದೊಂದಿಗೆ ಇಟ್ಟಿದ್ದೇವೆ. ಡಬ್ಬಿಯ ಮೇಲೆ ಸಿಕ್ಕ ಜಾಗ, ಸಿಕ್ಕ ದಿನಾಂಕ ಬರೆದಿದ್ದಾಳೆ. ಹಾಗೆ ಬರೆದಿಡದ ಪಳೆಯುಳಿಕೆ ವಿಜ್ಞಾನಕ್ಕೆ ಅರ್ಧ ಕಳೆದುಹೋದ ಹಾಗೆ ಎಂದು ಕೇಂದ್ರದ ಹಿರಿಯರು ಅವಳಿಗೆ ಹೇಳಿಕೊಟ್ಟಿದ್ದರು.

ಹೋಗುವವರಿಗೆ ನಾಲ್ಕು ಮಾತು. ಚಳಿಗಾಲದಲ್ಲಿ ಬಿರುಗಾಳಿ ನಿಂತ ಮರುದಿನ ಹೆಚ್ಚು ಸಿಗುತ್ತದೆ. ಉಬ್ಬರವಿಳಿತದ ಸಮಯವನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ನೀರು ಇಳಿಯತೊಡಗಿದ ಮೇಲೆ ಹೊರಡಿ, ಏರತೊಡಗುವ ಮೊದಲು ಮರಳಿ. ಸುತ್ತಿಗೆ ಒಯ್ದರೆ ಕಣ್ಣಿಗೆ ಕನ್ನಡಕವಿರಲಿ, ಬಿದ್ದ ಕಲ್ಲಿಗಷ್ಟೇ ಹೊಡೆಯಿರಿ. ಮಳೆ ಬಂದಿದ್ದರೆ ಕೆಸರಿನ ನಾಲಿಗೆಗಳ ಮೇಲೆ ಕಾಲಿಡಬೇಡಿ, ಸೊಂಟದ ತನಕ ಹೂತುಹೋಗುವಷ್ಟು ಆಳವಿರುತ್ತವೆ. ದರೆಯ ಬುಡದಿಂದ ದೂರವಿರಿ: 2012ರ ಜುಲೈಯಲ್ಲಿ ಇದೇ ತೀರದ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ ದರೆ ಕುಸಿದು, ಕೆಳಗೆ ನಡೆದುಹೋಗುತ್ತಿದ್ದ ಪ್ರವಾಸಿಯೊಬ್ಬರು ತೀರಿಕೊಂಡರು.